ಉಪ್ಪು, ಅಕ್ಕಿ, ಹಾಲು: ಮಿದುಳಿನ ಆರೋಗ್ಯ ಮತ್ತು ವರ್ತಕರ ಹೊಣೆ

ಉದ್ಯಮವೊಂದರ ಬ್ಯಾಲೆನ್ಸ್ ಷೀಟಿನಲ್ಲಿ ಕಟ್ಟಡ, ಯಂತ್ರ, ದಾಸ್ತಾನು, ಬರಬೇಕಾದ ಬಾಕಿ ಇವೆಲ್ಲವೂ ಸ್ಥಾನ ಪಡೆಯುತ್ತವೆ. ಯಂತ್ರಕ್ಕೆ ಸವಕಳಿ ಹಾಕುತ್ತೇವೆ, ದಾಸ್ತಾನಿಗೆ ವಿಮೆ ಮಾಡಿಸುತ್ತೇವೆ. ಆದರೆ ಯಾವ ಸರಕನ್ನು ಯಾವಾಗ ಕೊಳ್ಳಬೇಕು, ಯಾರಿಗೆ ಎಷ್ಟು ದಿನದ ಉದ್ದರಿ ಕೊಡಬೇಕು, ಯಾವ ವ್ಯವಹಾರದಿಂದ ದೂರ ಸರಿಯಬೇಕು ಎಂಬುದನ್ನು ನಿರ್ಧರಿಸುವ ಮಿದುಳು ಯಾವ ಲೆಕ್ಕಪುಸ್ತಕದಲ್ಲಿಯೂ ಕಾಣಿಸುವುದಿಲ್ಲ. ಅದರ ಸವಕಳಿಯು ಗಮನಕ್ಕೆ ಬರುವ ವೇಳೆಗೆ ಬಹಳಷ್ಟು ಕಾಲ ಸಂದಿರುತ್ತದೆ.

ಸುಮಾರು 1.4 ಕಿಲೋಗ್ರಾಂ ತೂಗುವ ಮಿದುಳು ದೇಹದ ತೂಕದಲ್ಲಿ ಶೇಕಡಾ 2ರಷ್ಟು ಮಾತ್ರ. ಆದರೂ ವಿಶ್ರಾಂತಿಯಲ್ಲಿರುವ ದೇಹವು ವ್ಯಯಿಸುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟನ್ನು ಅದೊಂದೇ ಬಳಸಿಕೊಳ್ಳುತ್ತದೆ. ಈ ಶಕ್ತಿಯನ್ನು ಅದು ದೊಡ್ಡ ಪ್ರಮಾಣದಲ್ಲಿ ಕೂಡಿಟ್ಟುಕೊಳ್ಳಲಾರದು. ಹಗಲಿರುಳೂ ರಕ್ತದ ಮೂಲಕವೇ ಪಡೆಯಬೇಕು. ಹೀಗಿರುವಾಗ ನಾವು ಉಣ್ಣುವ ಅನ್ನಕ್ಕೂ ನಮ್ಮ ಮನಃಸ್ಥಿತಿ, ನೆನಪು, ವಿವೇಚನೆಗಳಿಗೂ ನಿಕಟ ಸಂಬಂಧವಿರುವುದು ಸಹಜವೇ ಆಗಿದೆ.

ನಮ್ಮ ಸದಸ್ಯರಲ್ಲಿ ಅಕ್ಕಿ ಗಿರಣಿಗಳ ಮಾಲೀಕರು, ದಿನಸಿಯ ಸಗಟು ವ್ಯಾಪಾರಿಗಳು, ಹೋಟೆಲ್ ಉದ್ಯಮಿಗಳು, ಕಾರ್ಮಿಕರಿಗೆ ಊಟ ಒದಗಿಸುವ ಕಾರ್ಖಾನೆಗಳ ಒಡೆಯರು ಗಣನೀಯ ಸಂಖ್ಯೆಯಲ್ಲಿದ್ದಾರೆ. ಆದುದರಿಂದ ಈ ವಿಷಯವು ನಮಗೆ ಎರಡು ಬಗೆಯಲ್ಲಿ ಸಂಬಂಧಿಸಿದುದು. ಮಿದುಳಿಗೆ ಬೇಕಾದ ಸೂಕ್ಷ್ಮ ಅಂಶಗಳು ಉಳಿಯುವುದೂ ಅಳಿಯುವುದೂ ಎಷ್ಟೋ ಬಾರಿ ಗಿರಣಿಯಲ್ಲಿ, ಗೋದಾಮಿನಲ್ಲಿ, ಅಂಗಡಿಯ ಮೂಟೆಯಲ್ಲಿ ನಿರ್ಧಾರವಾಗುತ್ತದೆ. ಅದೇ ಅಂಶಗಳ ಕೊರತೆಯು ನಮ್ಮ ಸ್ವಂತ ಮನೆಗಳಲ್ಲಿಯೂ ಮೌನವಾಗಿ ನೆಲೆಸಿರಬಹುದು.

ಕೊರತೆಯು ಬೇರೆ ಹೆಸರಿನಲ್ಲಿ ಬರುತ್ತದೆ

ಮಿದುಳಿನ ಮುಖ್ಯ ಇಂಧನ ಗ್ಲೂಕೋಸ್. ಅನ್ನ, ಮುದ್ದೆ, ರೊಟ್ಟಿ ಉಣ್ಣುವ ನಮ್ಮಲ್ಲಿ ಈ ಇಂಧನಕ್ಕೆ ಸಾಮಾನ್ಯವಾಗಿ ಬರವಿಲ್ಲ. ಆದರೆ ಇಂಧನವೊಂದಿದ್ದರೆ ಸಾಲದು. ಅದನ್ನು ಉರಿಸಲು, ನರತಂತುಗಳ ಹೊದಿಕೆಯನ್ನು ಕಾಪಾಡಲು, ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳನ್ನು ತಯಾರಿಸಲು ಜೀವಸತ್ವಗಳು, ಕಬ್ಬಿಣ, ಅಯೋಡಿನ್, ಮೇದಾಮ್ಲಗಳು ಬೇಕು. ಇವುಗಳಲ್ಲಿ ಹಲವಾರು ಬೇಕಾಗುವುದು ಮಿಲಿಗ್ರಾಂ ಅಥವಾ ಮೈಕ್ರೋಗ್ರಾಂ ಲೆಕ್ಕದಲ್ಲಿ ಮಾತ್ರ.

ಇವುಗಳ ಕೊರತೆಯು ಹಸಿವಿನಂತೆ ತನ್ನನ್ನು ತಾನೇ ಪ್ರಕಟಪಡಿಸಿಕೊಳ್ಳುವುದಿಲ್ಲ. ಅದು ದಣಿವು, ನಿರುತ್ಸಾಹ, ಸಿಡುಕು, ಮರೆವು ಎಂಬ ಬೇರೆ ಬೇರೆ ಹೆಸರುಗಳಲ್ಲಿ ಬರುತ್ತದೆ. ಮಗು ದಡ್ಡ ಎನ್ನುತ್ತೇವೆ, ಸೊಸೆ ಸೋಮಾರಿ ಎನ್ನುತ್ತೇವೆ, ಯಜಮಾನರಿಗೆ ವಯಸ್ಸಾಯಿತು ಎನ್ನುತ್ತೇವೆ. ತಟ್ಟೆಯಲ್ಲಿರುವ ದೋಷವನ್ನು ವ್ಯಕ್ತಿಯ ಸ್ವಭಾವಕ್ಕೆ ಆರೋಪಿಸುವ ಈ ಅಭ್ಯಾಸವೇ ಪರಿಹಾರವನ್ನು ವಿಳಂಬಗೊಳಿಸುತ್ತದೆ.

ಗಿರಣಿಯಲ್ಲಿ ಕಳೆದುಹೋದ ಜೀವಸತ್ವ

ಆಹಾರದ ಸಂಸ್ಕರಣೆಯು ನರಗಳ ಆರೋಗ್ಯವನ್ನು ಹೇಗೆ ಬದಲಿಸಬಲ್ಲದು ಎಂಬುದನ್ನು ಜಗತ್ತಿಗೆ ಮೊದಲು ತೋರಿಸಿಕೊಟ್ಟುದು ಅಕ್ಕಿ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಬೆಯಂತ್ರದ ಗಿರಣಿಗಳು ಏಷ್ಯಾದಲ್ಲಿ ಹರಡಿದಂತೆ ಬೆರಿಬೆರಿ ಎಂಬ ರೋಗವೂ ಹೆಚ್ಚಿತು. ಕೈಕಾಲುಗಳ ಜೋಮು, ಸ್ನಾಯುಗಳ ದೌರ್ಬಲ್ಯ, ಹೃದಯದ ವೈಫಲ್ಯ ಇದರ ಲಕ್ಷಣಗಳು. ಜಾವಾ ದ್ವೀಪದಲ್ಲಿದ್ದ ಡಚ್ ವೈದ್ಯ ಕ್ರಿಸ್ಟಿಯಾನ್ ಐಕ್ಮನ್ 1890ರ ದಶಕದಲ್ಲಿ ಒಂದು ಸಂಗತಿಯನ್ನು ಗಮನಿಸಿದರು. ಪಾಲಿಶ್ ಮಾಡಿದ ಅಕ್ಕಿಯನ್ನೇ ತಿಂದ ಕೋಳಿಗಳು ಇಂಥದೇ ನರರೋಗಕ್ಕೆ ತುತ್ತಾಗುತ್ತಿದ್ದವು. ತೌಡು ಸೇರಿದ ಆಹಾರ ಕೊಟ್ಟಾಗ ಚೇತರಿಸಿಕೊಳ್ಳುತ್ತಿದ್ದವು. ತೌಡಿನೊಡನೆ ಹೊರಹೋಗುತ್ತಿದ್ದುದು ಥಯಾಮಿನ್, ಅಂದರೆ ಬಿ-1 ಜೀವಸತ್ವ ಎಂಬುದು ಅನಂತರ ತಿಳಿದುಬಂತು. ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು.

ಗ್ಲೂಕೋಸಿನಿಂದ ಶಕ್ತಿಯನ್ನು ಬಿಡುಗಡೆ ಮಾಡಲು ಥಯಾಮಿನ್ ಅನಿವಾರ್ಯ. ಅದರ ತೀವ್ರ ಕೊರತೆಯು ನರಗಳನ್ನಷ್ಟೇ ಅಲ್ಲದೆ ಮಿದುಳನ್ನೂ ಹಾನಿಗೊಳಿಸಿ ಗೊಂದಲ, ಸ್ಮೃತಿನಾಶಗಳನ್ನು ಉಂಟುಮಾಡಬಲ್ಲದು. ಬಹುಕಾಲ ಮದ್ಯಪಾನ ಮಾಡುವವರಲ್ಲಿ ಈ ಅಪಾಯ ಇಂದಿಗೂ ವೈದ್ಯರ ಗಮನದಲ್ಲಿರುವ ವಿಷಯವಾಗಿದೆ.

ನಮ್ಮ ದೇಶದ ಪೋಷಣಾ ಸಂಶೋಧನೆಯ ಮೂಲವೂ ಇದೇ ರೋಗದಲ್ಲಿದೆ. 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಅವರು ಆರಂಭಿಸಿದ ಬೆರಿಬೆರಿ ವಿಚಾರಣಾ ಘಟಕವೇ ಮುಂದೆ ಬೆಳೆದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಭತ್ತವನ್ನು ಬೇಯಿಸಿ ಒಣಗಿಸಿ ಮಿಲ್ ಮಾಡುವ ಪ್ರದೇಶಗಳಲ್ಲಿ ಬೆರಿಬೆರಿ ವಿರಳವಾಗಿದ್ದುದು ಗಮನಾರ್ಹ. ಬೇಯಿಸುವಾಗ ಹೊರಪದರದ ಥಯಾಮಿನ್ ಕಾಳಿನ ಒಳಭಾಗಕ್ಕೆ ಇಳಿಯುವುದರಿಂದ ಪಾಲಿಶ್ ಮಾಡಿದ ನಂತರವೂ ಸಾಕಷ್ಟು ಉಳಿಯುತ್ತದೆ. ನಮ್ಮ ಕರಾವಳಿಯ ಕುಚ್ಚಲಕ್ಕಿಯ ಹಿರಿಮೆ ಇದೇ. ಮಲ್ಲಿಗೆಯಂತೆ ಬಿಳುಪಾದ ಅಕ್ಕಿಗೆ ಗ್ರಾಹಕನು ಹೆಚ್ಚು ಬೆಲೆ ಕೊಡುವುದು ನಿಜ; ಆ ಬಿಳುಪಿಗಾಗಿ ಅವನು ಏನನ್ನು ಬಿಟ್ಟುಕೊಡುತ್ತಿದ್ದಾನೆ ಎಂಬುದನ್ನು ತಿಳಿಸಬಲ್ಲವರು ನಾವೇ.

ಮೂಟೆಯಲ್ಲಿ ಸೇರಿಬಂದ ಅಯೋಡಿನ್

ಅಕ್ಕಿಯ ಕಥೆ ಕಳೆದುಕೊಂಡುದರ ಕಥೆಯಾದರೆ ಉಪ್ಪಿನದು ಗಳಿಸಿದುದರ ಕಥೆ. ಉಪ್ಪಿಗಿಂತ ರುಚಿಯಿಲ್ಲ ಎಂಬ ಗಾದೆ ನಮಗೆಲ್ಲ ಗೊತ್ತು. ಆ ಉಪ್ಪೇ ಕೋಟ್ಯಂತರ ಮಕ್ಕಳ ಬುದ್ಧಿಶಕ್ತಿಯ ರಕ್ಷಕನೂ ಆಗಿರುವುದು ಅಷ್ಟಾಗಿ ಪ್ರಚಾರ ಪಡೆದಿಲ್ಲ.

ಗಂಟಲಿನಲ್ಲಿರುವ ಥೈರಾಯ್ಡ್ ಗ್ರಂಥಿಯು ತನ್ನ ಹಾರ್ಮೋನುಗಳನ್ನು ತಯಾರಿಸಲು ಅಯೋಡಿನ್ ಬೇಕು. ಗರ್ಭದಲ್ಲಿರುವ ಶಿಶುವಿನ ಮಿದುಳು ರೂಪುಗೊಳ್ಳುವುದು ಈ ಹಾರ್ಮೋನುಗಳ ನೆರವಿನಿಂದಲೇ. ಮೊದಲ ತಿಂಗಳುಗಳಲ್ಲಿ ಅದು ತಾಯಿಯ ಹಾರ್ಮೋನನ್ನೇ ಅವಲಂಬಿಸಿರುತ್ತದೆ. ಆ ಹಂತದಲ್ಲಿ ಉಂಟಾದ ತೀವ್ರ ಕೊರತೆಯ ಹಾನಿಯನ್ನು ಮುಂದೆ ಯಾವ ಶಾಲೆಯೂ ಯಾವ ಔಷಧಿಯೂ ಸಂಪೂರ್ಣವಾಗಿ ಸರಿಪಡಿಸಲಾರದು. ಮಕ್ಕಳ ಬುದ್ಧಿಮಾಂದ್ಯಕ್ಕೆ ಇರುವ ತಡೆಗಟ್ಟಬಹುದಾದ ಕಾರಣಗಳಲ್ಲಿ ಅಯೋಡಿನ್ ಕೊರತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯು ಅತಿ ಮುಖ್ಯವಾದುದೆಂದು ಪರಿಗಣಿಸಿದೆ.

ವಯಸ್ಕನಿಗೆ ದಿನವೊಂದಕ್ಕೆ ಬೇಕಾಗುವ ಅಯೋಡಿನ್ 150 ಮೈಕ್ರೋಗ್ರಾಂ. ಅರವತ್ತು ವರ್ಷಗಳಿಗೆ ಲೆಕ್ಕ ಹಾಕಿದರೂ ಒಟ್ಟು ಮೂರೂವರೆ ಗ್ರಾಂ ಮುಟ್ಟುವುದಿಲ್ಲ. ಆದರೆ ಇಷ್ಟನ್ನೂ ಒಮ್ಮೆಲೇ ಸೇವಿಸಿ ಮುಗಿಸುವಂತಿಲ್ಲ, ನಿತ್ಯವೂ ಸಿಗುತ್ತಿರಬೇಕು. ಮಳೆ, ಪ್ರವಾಹಗಳಿಂದ ಮೇಲ್ಮಣ್ಣಿನ ಅಯೋಡಿನ್ ತೊಳೆದುಹೋದ ಪ್ರದೇಶಗಳಲ್ಲಿ ಬೆಳೆದ ಧಾನ್ಯದಲ್ಲಿಯೂ ತರಕಾರಿಯಲ್ಲಿಯೂ ಅದು ಇರುವುದಿಲ್ಲ. ಹಿಮಾಲಯದ ತಪ್ಪಲಿನ ಊರುಗಳು ಇದಕ್ಕೆ ಹೆಸರಾಗಿದ್ದವು. ನಮ್ಮ ಚಿಕ್ಕಮಗಳೂರು, ಕೊಡಗು ಜಿಲ್ಲೆಗಳಲ್ಲಿಯೂ ಗಳಗಂಡ ರೋಗ ಕಂಡುಬಂದಿತ್ತು.

1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಸಹೋದ್ಯೋಗಿಗಳು ಈಗಿನ ಹಿಮಾಚಲ ಪ್ರದೇಶದ ಕಾಂಗ್ರಾ ಕಣಿವೆಯಲ್ಲಿ ಮಹತ್ವದ ಪ್ರಯೋಗವೊಂದನ್ನು ಕೈಗೊಂಡರು. ಕಣಿವೆಯನ್ನು ಮೂರು ವಲಯಗಳಾಗಿ ವಿಂಗಡಿಸಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪನ್ನೂ ಒಂದಕ್ಕೆ ಸಾಮಾನ್ಯ ಉಪ್ಪನ್ನೂ ಪೂರೈಸಲಾಯಿತು. ಕೆಲವೇ ವರ್ಷಗಳಲ್ಲಿ ಅಯೋಡಿನ್‌ಯುಕ್ತ ಉಪ್ಪು ಬಳಸಿದ ವಲಯಗಳ ಶಾಲಾಮಕ್ಕಳಲ್ಲಿ ಗಳಗಂಡವು ಗಣನೀಯವಾಗಿ ಇಳಿಯಿತು. ಇದರ ಆಧಾರದ ಮೇಲೆ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಆರಂಭವಾಯಿತು. ಗಳಗಂಡಕ್ಕಿಂತ ಮಿದುಳಿನ ಹಾನಿಯೇ ದೊಡ್ಡದೆಂಬ ಅರಿವು ಬೆಳೆದಂತೆ 1992ರಲ್ಲಿ ಅದರ ಹೆಸರನ್ನು ಅಯೋಡಿನ್ ಕೊರತೆಯ ಅಸ್ವಸ್ಥತೆಗಳ ನಿಯಂತ್ರಣ ಕಾರ್ಯಕ್ರಮವೆಂದು ಬದಲಿಸಲಾಯಿತು.

ಕಾನೂನಿನ ದಾರಿ ಅಷ್ಟು ಸುಗಮವಾಗಿರಲಿಲ್ಲ. ಅಯೋಡಿನ್ ರಹಿತ ಉಪ್ಪನ್ನು ನೇರ ಮಾನವ ಸೇವನೆಗೆ ಮಾರುವುದರ ಮೇಲೆ 1998ರಲ್ಲಿ ವಿಧಿಸಿದ ರಾಷ್ಟ್ರವ್ಯಾಪಿ ನಿಷೇಧವನ್ನು 2000ದಲ್ಲಿ ಹಿಂತೆಗೆಯಲಾಯಿತು. 2006ರ ಮೇ ತಿಂಗಳಿನಿಂದ ಅದು ಮತ್ತೆ ಜಾರಿಗೆ ಬಂತು. ಉಪ್ಪಿನ ಹತ್ತು ಲಕ್ಷ ಭಾಗಗಳಲ್ಲಿ ಅಯೋಡಿನ್ ತಯಾರಿಕೆಯ ಹಂತದಲ್ಲಿ 30 ಭಾಗಕ್ಕೆ, ಗ್ರಾಹಕನ ಕೈಸೇರುವಾಗ 15 ಭಾಗಕ್ಕೆ ಕಡಿಮೆಯಿರಬಾರದೆಂದು ನಿಯಮವಿದೆ.

ಈ 30ಕ್ಕೂ 15ಕ್ಕೂ ನಡುವಿನ ಅಂತರವೇ ವರ್ತಕರಿಗೆ ಸೇರಿದ ವಿಷಯ. ಸಾಗಣೆ ಮತ್ತು ದಾಸ್ತಾನಿನಲ್ಲಿ ನಷ್ಟವಾಗುವುದೆಂದು ಕಾನೂನೇ ನಿರೀಕ್ಷಿಸಿದೆ. ತೇವಾಂಶ, ಬಿಸಿಲು, ತೆರೆದ ಮೂಟೆ, ಅತಿಯಾದ ಕಾಲ ಇವು ಆ ನಷ್ಟವನ್ನು ಹೆಚ್ಚಿಸುತ್ತವೆ. 2018-19ರ ಭಾರತ ಅಯೋಡಿನ್ ಸಮೀಕ್ಷೆಯ ಪ್ರಕಾರ ಸಾಕಷ್ಟು ಅಯೋಡಿನ್ ಇರುವ ಉಪ್ಪನ್ನು ಬಳಸುತ್ತಿದ್ದ ಕುಟುಂಬಗಳು ಶೇಕಡಾ 76ರಷ್ಟು. ಉಳಿದ ಕಾಲುಭಾಗದ ಕುಟುಂಬಗಳಲ್ಲಿಯೂ ಗರ್ಭಿಣಿಯರಿದ್ದಾರೆ, ಬೆಳೆಯುವ ಮಕ್ಕಳಿದ್ದಾರೆ. ಬಿಡಿಯಾಗಿ ಮಾರುವ ಹರಳುಪ್ಪಿನ ವಿಚಾರದಲ್ಲಿ ವಿಶೇಷ ಎಚ್ಚರ ಅಗತ್ಯ. ಮನೆಗಳಲ್ಲಿ ಅದನ್ನು ತೊಳೆದು ಬಳಸುವ ಪದ್ಧತಿಯೂ ಇರುವುದರಿಂದ ಹೊರಗೆ ಅಂಟಿರುವ ಅಯೋಡಿನ್ ನೀರುಪಾಲಾಗುತ್ತದೆ.

ಒಂದು ಮಾತನ್ನು ಇಲ್ಲಿ ಸ್ಪಷ್ಟಪಡಿಸಬೇಕು. ಅಯೋಡಿನ್ ಬೇಕೆಂದು ಉಪ್ಪನ್ನು ಹೆಚ್ಚು ತಿನ್ನಬೇಕಾಗಿಲ್ಲ. ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 30 ಭಾಗ ಅಯೋಡಿನ್ ಇರುವ ಉಪ್ಪಾದರೆ 5 ಗ್ರಾಂನಲ್ಲಿಯೇ 150 ಮೈಕ್ರೋಗ್ರಾಂ ದೊರೆಯುತ್ತದೆ. ಅದು 15 ಭಾಗಕ್ಕೆ ಇಳಿದಿದ್ದರೆ ಅರ್ಧ ಮಾತ್ರ. ಉಪ್ಪು ಕಡಿಮೆಯಾಗಬೇಕಾದಷ್ಟೂ ಅದರ ಗುಣಮಟ್ಟ ಉಳಿಯಬೇಕು ಎಂಬುದೇ ಈ ಲೆಕ್ಕದ ತಾತ್ಪರ್ಯ.

ಸಸ್ಯಾಹಾರಿ ಮನೆಗಳಲ್ಲಿ ಬಿ-12

ಮೂರನೆಯ ಅಂಶವು ನಮ್ಮ ವರ್ತಕ ಕುಟುಂಬಗಳಿಗೆ ಇನ್ನೂ ಹತ್ತಿರದ್ದು. ಬಿ-12 ಜೀವಸತ್ವವು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸಗಳಲ್ಲಿ ದೊರೆಯುತ್ತದೆ. ಧಾನ್ಯ, ಬೇಳೆ, ಸೊಪ್ಪು, ಹಣ್ಣುಗಳನ್ನು ಅದರ ಮೂಲವೆಂದು ನೆಚ್ಚುವಂತಿಲ್ಲ. ಆದುದರಿಂದ ಶುದ್ಧ ಸಸ್ಯಾಹಾರಿಗಳಿಗೆ ಹಾಲೇ ಮುಖ್ಯ ಆಧಾರ. ದಿನದ ಅಗತ್ಯವು 2ರಿಂದ 2.5 ಮೈಕ್ರೋಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 2 ಮೈಕ್ರೋಗ್ರಾಂ ಇರುತ್ತದೆ. ಕಾಫಿಗೆ ಬೆರೆಸಿದ ನಾಲ್ಕು ಚಮಚ ಹಾಲು, ಊಟದ ಕೊನೆಯ ನೀರುಮಜ್ಜಿಗೆ ಇವುಗಳಿಂದ ಈ ಲೆಕ್ಕ ತುಂಬುವುದಿಲ್ಲ.

ನರತಂತುಗಳ ಮೇಲಿರುವ ಹೊದಿಕೆಯನ್ನು ಕಾಪಾಡುವುದು ಬಿ-12ರ ಪ್ರಮುಖ ಕಾರ್ಯ. ವಿದ್ಯುತ್ ತಂತಿಯ ಹೊದಿಕೆ ಸವೆದರೆ ಪ್ರವಾಹಕ್ಕೆ ಅಡ್ಡಿಯಾಗುವಂತೆ ಈ ಹೊದಿಕೆ ಸವೆದಾಗ ಸಂದೇಶಗಳ ಸಂಚಾರ ಕುಂದುತ್ತದೆ. ಕಾಲಿನ ಜೋಮು, ನಡಿಗೆಯಲ್ಲಿ ಅಸ್ಥಿರತೆ, ಮರೆವು, ಖಿನ್ನತೆ, ಕಾರಣವಿಲ್ಲದ ಸಿಡುಕು ಕಾಣಿಸಿಕೊಳ್ಳಬಹುದು. ಯಕೃತ್ತಿನಲ್ಲಿ ಇದರ ಸಂಗ್ರಹವು ಹಲವು ವರ್ಷಗಳ ಕಾಲ ಬಾಳುವುದರಿಂದ ಕೊರತೆಯು ಬಹಳ ನಿಧಾನವಾಗಿ ಬೆಳೆಯುತ್ತದೆ. ಯಾರ ಗಮನಕ್ಕೂ ಬರುವುದಿಲ್ಲ.

ಐವತ್ತೆಂಟು ವರ್ಷದ ಜವಳಿ ವ್ಯಾಪಾರಿಯೊಬ್ಬರನ್ನು ಊಹಿಸಿಕೊಳ್ಳೋಣ. ಸಸ್ಯಾಹಾರಿ, ಹತ್ತು ವರ್ಷಗಳಿಂದ ಮಧುಮೇಹಕ್ಕೆ ಮೆಟ್‌ಫಾರ್ಮಿನ್ ಮಾತ್ರೆ, ಹೊಟ್ಟೆಯುರಿಗೆ ದಿನವೂ ಆಮ್ಲ ಇಳಿಸುವ ಮಾತ್ರೆ. ಈ ಎರಡೂ ಔಷಧಿಗಳು ದೀರ್ಘಕಾಲದ ಬಳಕೆಯಲ್ಲಿ ಬಿ-12ರ ಹೀರಿಕೆಯನ್ನು ತಗ್ಗಿಸಬಲ್ಲವು. ಕೆಲವು ತಿಂಗಳುಗಳಿಂದ ಅವರು ಹಳೆಯ ಗಿರಾಕಿಗಳ ಹೆಸರು ಮರೆಯುತ್ತಾರೆ, ಲೆಕ್ಕ ತಪ್ಪಿದಾಗ ಗುಮಾಸ್ತರ ಮೇಲೆ ರೇಗುತ್ತಾರೆ. ಮಕ್ಕಳು ಅಂಗಡಿಯ ಕೀಲಿಕೈಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುವ ಆಲೋಚನೆಯಲ್ಲಿದ್ದಾರೆ. ಇದು ಮರೆಗುಳಿ ರೋಗದ ಆರಂಭವೂ ಆಗಿರಬಹುದು. ಕೇವಲ ಒಂದು ಜೀವಸತ್ವದ ಕೊರತೆಯೂ ಆಗಿರಬಹುದು. ಎರಡನೆಯದಾದರೆ ಒಂದು ರಕ್ತಪರೀಕ್ಷೆಯಿಂದ ಸುಳಿವು ದೊರೆಯುತ್ತದೆ. ಚುಚ್ಚುಮದ್ದು ಅಥವಾ ಮಾತ್ರೆಯಿಂದ ಚೇತರಿಕೆ ಸಾಧ್ಯ. ತಡವಾದರೆ ನರಗಳ ಹಾನಿ ಶಾಶ್ವತವಾಗಿ ಉಳಿಯಬಹುದು. ಫೋಲಿಕ್ ಆಮ್ಲದ ಮಾತ್ರೆಯನ್ನಷ್ಟೇ ಸೇವಿಸಿದರೆ ರಕ್ತಹೀನತೆ ಸುಧಾರಿಸಿದಂತೆ ಕಂಡರೂ ನರಗಳ ಹಾನಿ ಒಳಗೇ ಮುಂದುವರಿಯುವುದುಂಟು. ಆದುದರಿಂದ ಸ್ವಯಂ ಚಿಕಿತ್ಸೆ ಸಲ್ಲದು.

ಮನಸ್ಸಿನ ಬೇಗುದಿಗೆ ಆಹಾರವೇ ಔಷಧವೇ?

ಆಹಾರದಿಂದ ಖಿನ್ನತೆ ಗುಣವಾಗುವುದೇ ಎಂಬ ಪ್ರಶ್ನೆಗೆ ಎಚ್ಚರಿಕೆಯ ಉತ್ತರವೇ ಸರಿಯಾದುದು. ಆಸ್ಟ್ರೇಲಿಯಾದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಖಿನ್ನತೆಯಿಂದ ಬಳಲುತ್ತಿದ್ದ 67 ಮಂದಿಯನ್ನು ಎರಡು ಗುಂಪು ಮಾಡಿ, ಒಂದಕ್ಕೆ ಆಹಾರ ತಜ್ಞರ ಮಾರ್ಗದರ್ಶನವನ್ನೂ ಇನ್ನೊಂದಕ್ಕೆ ಸ್ನೇಹಪರ ಮಾತುಕತೆಯನ್ನೂ ಹನ್ನೆರಡು ವಾರಗಳ ಕಾಲ ಒದಗಿಸಲಾಯಿತು. ತರಕಾರಿ, ಹಣ್ಣು, ಇಡಿಧಾನ್ಯ, ಬೇಳೆಕಾಳು, ಮೀನು, ಆಲಿವ್ ಎಣ್ಣೆಗಳಿಗೆ ಒತ್ತು ಕೊಟ್ಟ ಮೊದಲ ಗುಂಪಿನಲ್ಲಿ ಸುಮಾರು ಮೂರನೆಯ ಒಂದು ಭಾಗದವರು ಖಿನ್ನತೆಯಿಂದ ಹೊರಬಂದರು. ಎರಡನೆಯದರಲ್ಲಿ ಶೇಕಡಾ 8ರಷ್ಟು ಮಂದಿ. ಪ್ರಯೋಗ ಚಿಕ್ಕದು, ತಾವು ಯಾವ ಗುಂಪಿನವರೆಂಬುದು ಭಾಗವಹಿಸಿದವರಿಗೆ ತಿಳಿದಿತ್ತು. ಬಹುತೇಕರು ಬೇರೆ ಚಿಕಿತ್ಸೆಯನ್ನೂ ಪಡೆಯುತ್ತಿದ್ದರು. ಆಹಾರವು ಚಿಕಿತ್ಸೆಗೆ ಬೆಂಬಲ, ಬದಲಿಯಲ್ಲ ಎಂಬುದು ಇದರಿಂದ ಗ್ರಹಿಸಬೇಕಾದ ಅಂಶ.

ಕಬ್ಬಿಣದ ಮಾತೂ ಇಲ್ಲಿ ಪ್ರಸ್ತುತ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49ರ ವಯೋಮಾನದ ಮಹಿಳೆಯರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಕಬ್ಬಿಣದ ಕೊರತೆಯು ರಕ್ತಹೀನತೆಗೆ ಮಾತ್ರವಲ್ಲ, ದಣಿವು, ಏಕಾಗ್ರತೆಯ ಕುಂದು, ನಿರುತ್ಸಾಹಗಳಿಗೂ ಕಾರಣವಾಗುತ್ತದೆ. ಊಟದೊಡನೆ ಸೇವಿಸುವ ಕಾಫಿ, ಚಹಾ ಕಬ್ಬಿಣದ ಹೀರಿಕೆಯನ್ನು ತಡೆಯುತ್ತವೆ. ನಿಂಬೆಹಣ್ಣು, ನೆಲ್ಲಿಕಾಯಿಗಳ ಸಿ ಜೀವಸತ್ವ ಹೆಚ್ಚಿಸುತ್ತದೆ. ಹೆಸರುಕಾಳಿನ ಕೋಸಂಬರಿಗೆ ನಿಂಬೆರಸ ಹಿಂಡುವ ನಮ್ಮ ರೂಢಿಯಲ್ಲಿ ರುಚಿಯ ಜೊತೆಗೆ ಈ ಪ್ರಯೋಜನವೂ ಅಡಗಿದೆ.

ವೃದ್ಧಾಪ್ಯಕ್ಕೆ ಇಂದಿನ ಠೇವಣಿ

2023ರಲ್ಲಿ ಪ್ರಕಟವಾದ ಅಂದಾಜಿನ ಪ್ರಕಾರ ಭಾರತದಲ್ಲಿ 60 ವರ್ಷ ಮೀರಿದ ಸುಮಾರು 88 ಲಕ್ಷ ಮಂದಿ ಮರೆಗುಳಿತನದ ರೋಗಗಳಿಂದ ಬಳಲುತ್ತಿದ್ದಾರೆ. ಈ ರೋಗಗಳಿಗೆ ವಯಸ್ಸು, ಅನುವಂಶೀಯತೆಗಳೂ ಕಾರಣ. ಆದರೆ ರಕ್ತದೊತ್ತಡ, ಮಧುಮೇಹ, ಬೊಜ್ಜು, ಅಧಿಕ ಕೊಲೆಸ್ಟರಾಲ್ ಮುಂತಾದ ಹದಿನಾಲ್ಕು ಅಪಾಯಾಂಶಗಳನ್ನು ಜೀವನದುದ್ದಕ್ಕೂ ನಿಭಾಯಿಸಿದರೆ ಸುಮಾರು ಶೇಕಡಾ 45ರಷ್ಟು ಪ್ರಕರಣಗಳನ್ನು ತಡೆಯುವ ಅಥವಾ ಮುಂದೂಡುವ ಸಾಧ್ಯತೆಯಿದೆಯೆಂದು ಲ್ಯಾನ್ಸೆಟ್ ಪತ್ರಿಕೆಯ ತಜ್ಞರ ಆಯೋಗವು 2024ರಲ್ಲಿ ಅಭಿಪ್ರಾಯಪಟ್ಟಿತು. ಇಲ್ಲಿ ಹೆಸರಿಸಿದ ನಾಲ್ಕೂ ಅಡುಗೆಮನೆಗೆ ಸಂಬಂಧಿಸಿದವೇ. ಮಿದುಳಿನ ಸೂಕ್ಷ್ಮ ರಕ್ತನಾಳಗಳು ಹಾನಿಗೊಂಡರೆ ಎಂಥ ಉತ್ತಮ ಪೋಷಕಾಂಶವೂ ಅಲ್ಲಿಗೆ ತಲುಪಲಾರದು.

ಫಿನ್ಲೆಂಡಿನಲ್ಲಿ 60ರಿಂದ 77 ವರ್ಷದ 1,260 ಮಂದಿಯ ಮೇಲೆ ಎರಡು ವರ್ಷ ನಡೆದ ಅಧ್ಯಯನದಲ್ಲಿ ಆಹಾರ, ವ್ಯಾಯಾಮ, ಬುದ್ಧಿಗೆ ಕೆಲಸ, ರಕ್ತದೊತ್ತಡಾದಿಗಳ ನಿಗಾ ಇವು ನಾಲ್ಕನ್ನೂ ಒಟ್ಟಿಗೆ ಅಳವಡಿಸಿದಾಗ ಬೌದ್ಧಿಕ ಸಾಮರ್ಥ್ಯ ಉತ್ತಮಗೊಂಡಿತೆಂದು 2015ರಲ್ಲಿ ವರದಿಯಾಯಿತು. ಆಹಾರವೊಂದನ್ನೇ ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದರಲ್ಲಿ, 604 ಮಂದಿಯನ್ನು ಮೂರು ವರ್ಷ ಗಮನಿಸಿದ ಮೇಲೂ, ಮಿದುಳಿಗೆಂದೇ ರೂಪಿಸಿದ ಆಹಾರಕ್ರಮಕ್ಕೂ ಹೋಲಿಕೆಯ ಗುಂಪಿಗೂ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲವೆಂದು 2023ರಲ್ಲಿ ಪ್ರಕಟವಾಯಿತು. ಜ್ಞಾಪಕಶಕ್ತಿ ಹೆಚ್ಚಿಸುವುದೆಂದು ಬಣ್ಣದ ಡಬ್ಬಿಗಳಲ್ಲಿ ಬರುವ ಸರಕುಗಳನ್ನು ಮಾರುವಾಗಲೂ ಕೊಳ್ಳುವಾಗಲೂ ಈ ಎರಡು ಫಲಿತಾಂಶಗಳನ್ನು ನೆನಪಿನಲ್ಲಿಡುವುದು ಒಳಿತು. ಮಿದುಳಿನ ಆರೋಗ್ಯವು ಒಂದು ಪದಾರ್ಥದಿಂದ ಬರುವುದಿಲ್ಲ. ಬದುಕಿನ ಒಟ್ಟು ಕ್ರಮದಿಂದ ಬರುತ್ತದೆ.

ಕೊಬ್ಬಿನ ಆಯ್ಕೆಗೂ ಇಲ್ಲಿ ಸ್ಥಾನವಿದೆ. ಕರಾವಳಿಯ ಬೂತಾಯಿ, ಬಂಗುಡೆ ಮೀನುಗಳಲ್ಲಿ ಮಿದುಳಿಗೆ ಅಗತ್ಯವಾದ ಒಮೆಗಾ-3 ಮೇದಾಮ್ಲಗಳು ನೇರವಾಗಿ ದೊರೆಯುತ್ತವೆ. ಉತ್ತರ ಕರ್ನಾಟಕದ ಅಗಸೆ ಚಟ್ನಿಪುಡಿಯಲ್ಲಿರುವುದು ಅದರ ಪೂರ್ವರೂಪ. ದೇಹವು ಅದರಲ್ಲಿ ಸ್ವಲ್ಪ ಭಾಗವನ್ನು ಮಾತ್ರ ಪರಿವರ್ತಿಸಿಕೊಳ್ಳುತ್ತದೆ. ರಕ್ತನಾಳಗಳಿಗೆ ಹಾನಿಕರವಾದ ಟ್ರಾನ್ಸ್ ಕೊಬ್ಬನ್ನು ಎಣ್ಣೆ ಮತ್ತು ವನಸ್ಪತಿಗಳಲ್ಲಿ ಶೇಕಡಾ 2ಕ್ಕೆ ಮಿತಿಗೊಳಿಸುವ ನಿಯಮ 2022ರ ಜನವರಿಯಿಂದ ಜಾರಿಯಾಗಿದೆ. ಆದರೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸುವ ಬಾಣಲೆಯ ಮೇಲೆ ನಿಗಾ ಇಡಬೇಕಾದವರು ಹೋಟೆಲಿನವರೇ.

ನಾವು ಕೈಗೊಳ್ಳಬಹುದಾದ ಕ್ರಮಗಳು

1. ದಿನಸಿ ವರ್ತಕರು ಉಪ್ಪಿನ ಮೂಟೆಗಳನ್ನು ನೆಲಕ್ಕೆ ತಾಗದಂತೆ ಹಲಗೆಯ ಮೇಲೆ, ತೇವ ಮತ್ತು ಬಿಸಿಲು ತಾಕದೆಡೆಯಲ್ಲಿ ಇರಿಸಬೇಕು. ಮೊದಲು ಬಂದ ದಾಸ್ತಾನನ್ನು ಮೊದಲು ವಿಲೇವಾರಿ ಮಾಡಬೇಕು. ಅಂಗಡಿಯ ಹೊರಗೆ ಮಳೆಗೆ ನೆನೆಯುವ ಉಪ್ಪಿನ ಮೂಟೆ ಇನ್ನು ಇರಕೂಡದು.

2. ಪೋಷಕಾಂಶ ಬೆರೆಸಿದ ಉಪ್ಪು, ಎಣ್ಣೆ, ಹಾಲು, ಗೋಧಿಹಿಟ್ಟು, ಅಕ್ಕಿಗಳಿಗೆ 2018ರಲ್ಲಿ ಮಾನದಂಡಗಳನ್ನು ನಿಗದಿಪಡಿಸಲಾಗಿದೆ. ಕೂಡಿಸುವ ಚಿಹ್ನೆಯೊಡನೆ ಎಫ್ ಅಕ್ಷರವಿರುವ ಮುದ್ರೆಯ ಅರ್ಥವನ್ನು ಗ್ರಾಹಕರಿಗೆ ವಿವರಿಸಬಹುದು.

3. ಕಾರ್ಖಾನೆಯ ಕ್ಯಾಂಟೀನುಗಳಲ್ಲಿ ವಾರಕ್ಕೆ ಕೆಲವು ದಿನ ಕುಚ್ಚಲಕ್ಕಿ ಅಥವಾ ರಾಗಿಮುದ್ದೆ, ನಿತ್ಯವೂ ಸೊಪ್ಪಿನ ಸಾರು, ಮೊಳಕೆಕಾಳು, ಗಟ್ಟಿ ಮೊಸರು ಇರಲಿ. ಇದಕ್ಕೆ ತಗಲುವ ಹೆಚ್ಚುವರಿ ವೆಚ್ಚವನ್ನು ಕೆಲಸಗಾರನ ದಣಿವಿನಿಂದಾಗುವ ನಷ್ಟದೊಡನೆ ತೂಗಿ ನೋಡಬೇಕು.

4. ಗಲ್ಲಾದ ಮುಂದೆ ಕುಳಿತು ಮಧ್ಯಾಹ್ನದ ಊಟವನ್ನು ನಾಲ್ಕು ಗಂಟೆಗೆ ಮುಂದೂಡಿ, ನಡುವೆ ಸಕ್ಕರೆ ಬೆರೆತ ಚಹಾದಿಂದ ಹೊತ್ತು ಕಳೆಯುವ ಅಭ್ಯಾಸವನ್ನು ನಾವೇ ಮೊದಲು ಬಿಡಬೇಕು.

5. ಸಸ್ಯಾಹಾರಿಗಳು, ವೃದ್ಧರು, ದೀರ್ಘಕಾಲದಿಂದ ಮೆಟ್‌ಫಾರ್ಮಿನ್ ಸೇವಿಸುವವರು ವೈದ್ಯರನ್ನು ಕೇಳಿ ಬಿ-12 ಪರೀಕ್ಷೆ ಮಾಡಿಸಿಕೊಳ್ಳುವುದು ಸೂಕ್ತ. ಗರ್ಭಿಣಿಯರ ಅಯೋಡಿನ್, ಕಬ್ಬಿಣ, ಫೋಲಿಕ್ ಆಮ್ಲಗಳ ವಿಷಯದಲ್ಲಿ ಉದಾಸೀನ ಸಲ್ಲದು.

6. ಎರಡು ವಾರಕ್ಕೂ ಮೀರಿ ಉತ್ಸಾಹ ಉಡುಗಿದ್ದರೆ, ನಿದ್ರೆ ಕೆಟ್ಟಿದ್ದರೆ, ಬದುಕೇ ಬೇಡವೆನಿಸಿದರೆ ಊಟದ ಬದಲಾವಣೆಗಾಗಿ ಕಾಯದೆ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಇದು ಉಚಿತವಾಗಿದ್ದು ಕನ್ನಡದಲ್ಲಿಯೂ ಮಾತನಾಡಬಹುದು.

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ನಮ್ಮ ಹಿರಿಯರ ಮಾತು ಉಣ್ಣುವವನನ್ನು ಕುರಿತದ್ದು. ಉಣ್ಣುವ ಪದಾರ್ಥವನ್ನು ಮಿಲ್ ಮಾಡುವವನು, ಸಾಗಿಸುವವನು, ತೂಗಿ ಕೊಡುವವನು ಬಲ್ಲವನಾದರೆ ಆ ಪ್ರಯೋಜನ ಒಂದು ಮನೆಗಷ್ಟೇ ಅಲ್ಲ, ಊರಿಗೇ ದೊರೆಯುತ್ತದೆ. ಒಣಗಿದ ಜಾಗದಲ್ಲಿ ಜೋಪಾನವಾಗಿಟ್ಟ ಉಪ್ಪಿನ ಮೂಟೆಯೊಂದರಿಂದ ಮಲೆನಾಡಿನ ಯಾವುದೋ ಹಳ್ಳಿಯಲ್ಲಿ ಇನ್ನೂ ಹುಟ್ಟದ ಮಗುವಿನ ಮಿದುಳು ತನ್ನ ಪಾಲನ್ನು ಪಡೆಯುತ್ತದೆ. ಆ ಮಗುವೂ ಅದರ ತಾಯಿಯೂ ನಮ್ಮನ್ನು ಎಂದೂ ಕಾಣದಿರಬಹುದು. ಲಾಭ ನಷ್ಟದ ತಃಖ್ತೆಯಲ್ಲಿ ಇದಕ್ಕೆ ಅಂಕಣವಿಲ್ಲ. ಆದರೂ ವರ್ತಕ ವೃತ್ತಿಯ ಗೌರವ ಉಳಿದಿರುವುದು ಇಂಥ ಜಮೆಗಳಿಂದಲೇ ಎಂಬುದನ್ನು ನಾವು ಮರೆಯಬಾರದು.